ಒರೆಸಿದ ಪಾಟಿ, ಉಳಿದ ಚೀಟಿ

ಕಳೆದ ತಿಂಗಳು ಮಗಳ ಗಣಿತ ಪರೀಕ್ಷೆಯ ಹಾಳೆ ಮನೆಗೆ ಬಂತು. ಒಂದು ಲೆಕ್ಕವನ್ನು ಅವಳು ತಪ್ಪಾಗಿ ಶುರು ಮಾಡಿ, ನಾಲ್ಕು ಸಾಲು ಬರೆದು, ಅಡ್ಡಗೆರೆ ಎಳೆದು, ಕೆಳಗೆ ಮತ್ತೆ ಹೊಸದಾಗಿ ಮಾಡಿದ್ದಳು. ಟೀಚರ್ ಆ ಹೊಡೆದು ಹಾಕಿದ ನಾಲ್ಕು ಸಾಲನ್ನೂ ಓದಿದ್ದರು. ಎಲ್ಲಿ ಎಡವಿದಳೋ ಅಲ್ಲಿ ಒಂದು ಚಿಕ್ಕ ಗುರುತು ಹಾಕಿ, ‘ಇಲ್ಲಿವರೆಗೆ ಯೋಚನೆ ಚೆನ್ನಾಗಿತ್ತು’ ಎಂದು ಬರೆದಿದ್ದರು. ಆ ಹಾಳೆಯನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತೆ.

ನಾನಿರುವುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಇಲ್ಲಿ ಎತ್ತ ತಿರುಗಿದರೂ ಲೈಬ್ನಿಟ್ಸ್. ವಿಶ್ವವಿದ್ಯಾಲಯಕ್ಕೆ ಅವನ ಹೆಸರು, ಗ್ರಂಥಾಲಯಕ್ಕೆ ಅವನ ಹೆಸರು, 1891ರಲ್ಲಿ ಈ ಊರಲ್ಲಿ ಹುಟ್ಟಿದ ಬೆಣ್ಣೆ ಬಿಸ್ಕತ್ತಿಗೂ ಅವನದೇ ಹೆಸರು. 1646ರಲ್ಲಿ ಲೈಪ್‌ಸಿಗ್‌ನಲ್ಲಿ ಹುಟ್ಟಿ, ಬದುಕಿನ ಕೊನೆಯ ನಲವತ್ತು ವರ್ಷ ಇಲ್ಲಿನ ದೊರೆಗಳ ಚಾಕರಿ ಮಾಡಿ, 1716ರಲ್ಲಿ ಇಲ್ಲೇ ತೀರಿಕೊಂಡ ತತ್ವಜ್ಞಾನಿ. ಧಾರವಾಡದ ಕಡೆಯ ನನಗೆ ಪಿಯುಸಿಯಲ್ಲಿ ಅವನು ಗೊತ್ತಿದ್ದದ್ದು ಒಂದು ಸೂತ್ರದ ಹೆಸರಾಗಿ ಮಾತ್ರ.

ಅವನು ಗಣಿತಕ್ಕೆ ಕೊಟ್ಟದ್ದೇನು ಎಂದರೆ ಎಲ್ಲರೂ ಕಲನಶಾಸ್ತ್ರ ಎನ್ನುತ್ತಾರೆ, ಅಂದರೆ ಬದಲಾಗುತ್ತಲೇ ಇರುವುದನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ಅಳೆಯುವ ಕ್ಯಾಲ್ಕುಲಸ್. ನ್ಯೂಟನ್ ಅದನ್ನು ತನ್ನದೇ ದಾರಿಯಲ್ಲಿ ಮೊದಲೇ ಕಂಡಿದ್ದ. ಲೈಬ್ನಿಟ್ಸ್ ಬೇರೆಯಾಗಿ ಕಂಡು, 1684ರಲ್ಲಿ ಮೊದಲು ಅಚ್ಚು ಹಾಕಿಸಿದ. ಯಾರು ಮೊದಲು ಎಂಬ ಜಗಳ ಇಬ್ಬರ ಬದುಕನ್ನೂ ಕಹಿ ಮಾಡಿತು. ನನಗೆ ಆ ಜಗಳಕ್ಕಿಂತ ಮುಖ್ಯವೆನಿಸುವುದು ಅವನು ಕೊಟ್ಟ ಗುರುತುಗಳು. ಮನುಷ್ಯನ ಯೋಚನೆಗೆಲ್ಲ ಸರಿಯಾದ ಚಿಹ್ನೆಗಳು ಸಿಕ್ಕಿಬಿಟ್ಟರೆ ವಾದಕ್ಕೆ ಕೂತವರು ‘ಬನ್ನಿ, ಲೆಕ್ಕ ಹಾಕೋಣ’ ಎಂದು ಲೇಖನಿ ಹಿಡಿದರೆ ಸಾಕು ಎಂಬುದು ಅವನ ಜೀವಮಾನದ ಕನಸು. ಅದು ತತ್ವಜ್ಞಾನಿಯ ಕನಸು, ಗಣಿತಜ್ಞನದಲ್ಲ. ಆದರೆ ಅದೇ ಕನಸು ಅವನಿಗೆ ವ್ಯತ್ಯಾಸ ಎಂಬುದಕ್ಕೆ ‘ಡಿ’ ಎಂಬ ಅಕ್ಷರವನ್ನೂ, ಮೊತ್ತಕ್ಕೆ ಲ್ಯಾಟಿನ್ ಪದದ ಮೊದಲಕ್ಷರ ‘ಎಸ್’ ಅನ್ನು ಎಳೆದು ಉದ್ದ ಮಾಡಿದ ಆ ಬಳುಕು ಗೆರೆಯನ್ನೂ ಕೊಟ್ಟಿತು. ಇವತ್ತು ಸೇತುವೆ ಕಟ್ಟುವವರಿಂದ ಹವಾಮಾನ ಲೆಕ್ಕ ಹಾಕುವವರವರೆಗೆ ಎಲ್ಲರ ಕೈಯಲ್ಲೂ ಇರುವುದು ಅವೇ. ಇಂಗ್ಲೆಂಡಿನವರು ಅಭಿಮಾನಕ್ಕೆ ಬಿದ್ದು ನ್ಯೂಟನ್‌ನ ಚುಕ್ಕೆ ಗುರುತುಗಳನ್ನೇ ಹಿಡಿದುಕೊಂಡು ಕೂತರು. ಯುರೋಪಿನ ಉಳಿದ ಗಣಿತ ಎಷ್ಟೋ ಮುಂದೆ ಹೋಯಿತು. ಕೊನೆಗೆ 1812ರಲ್ಲಿ ಕೇಂಬ್ರಿಜ್‌ನ ಹುಡುಗರು, ಬ್ಯಾಬೇಜ್, ಹರ್ಷೆಲ್, ಪೀಕಾಕ್, ಸಂಘ ಕಟ್ಟಿಕೊಂಡು ಲೈಬ್ನಿಟ್ಸ್‌ನ ‘ಡಿ’ಯನ್ನು ತಮ್ಮ ನಾಡಿಗೆ ತರಬೇಕಾಯಿತು.

ಆ ಬಳುಕು ಗೆರೆ ಹುಟ್ಟಿದ ದಿನ ಯಾವುದೆಂದು ನಮಗೆ ಗೊತ್ತು: 1675ರ ಅಕ್ಟೋಬರ್ 29. ಅವನು ಆಗ ಪ್ಯಾರಿಸ್‌ನಲ್ಲಿದ್ದ, ವಯಸ್ಸು 29. ಮೊತ್ತಕ್ಕೆ ‘ಎಲ್ಲವೂ’ ಎಂಬರ್ಥದ ಲ್ಯಾಟಿನ್ ಪದವನ್ನು ಮೊಟಕು ಮಾಡಿ ಬರೆಯುತ್ತಿದ್ದವನು, ಅದರ ಬದಲು ಈ ಗುರುತು ಹಾಕಿದರೆ ಅನುಕೂಲ ಎಂದು ಆ ದಿನದ ಹಾಳೆಯಲ್ಲಿ ಬರೆದುಕೊಂಡ. ಎರಡು ವಾರದ ಬಳಿಕ, ನವೆಂಬರ್ 11ರ ಹಾಳೆಯಲ್ಲಿ ಇನ್ನೊಂದು ಪ್ರಶ್ನೆ ಎತ್ತಿದ: ಎರಡು ರಾಶಿಗಳ ಗುಣಲಬ್ಧದ ಅವಕಲನವೆಂದರೆ (ಚೂರು ಬದಲಾದಾಗ ಬರುವ ವ್ಯತ್ಯಾಸ, ಅವನ ‘ಡಿ’) ಅವುಗಳ ಅವಕಲನಗಳ ಗುಣಲಬ್ಧವೇ ಅಲ್ಲವೆ? ಹೌದು ಎಂದೇ ಮೊದಲು ಅವನಿಗೆ ತೋರಿತು. ಆಮೇಲೆ ಒಂದು ಉದಾಹರಣೆ ಹಾಕಿ ನೋಡಿ, ಅಲ್ಲ ಎಂದು ಕಂಡುಕೊಂಡ.

ಇದನ್ನು ಮೊದಲ ಸಲ ಓದಿದಾಗ ನನಗೆ ಗಂಟಲುಬ್ಬಿ ಬಂತು. ಪಿಯುಸಿಯಲ್ಲಿ ನಾನು ಬರೆದದ್ದೂ ಅದೇ ತಪ್ಪನ್ನೇ. ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಸೊನ್ನೆ ಸುತ್ತಿ, ಡಸ್ಟರ್ ಕೊಟ್ಟು ನನ್ನ ಕೈಯಿಂದಲೇ ಅಳಿಸಿಸಿದ್ದರು. ಆಮೇಲೆ ‘ಫಸ್ಟ್ ಇಂಟು ಡೆರಿವೇಟಿವ್ ಆಫ್ ಸೆಕೆಂಡ್’ ಎಂದು ಶುರುವಾಗುವ ಸರಿಯಾದ ಸೂತ್ರವನ್ನು ಬಾಯಿಪಾಠ ಮಾಡಿದೆ, ಅಂಕವೂ ಬಂತು. ಯಾಕೆ ಹಾಗೆ ಎಂಬುದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಚೌಕಾಕಾರದ ಹೊಲವೊಂದನ್ನು ಎರಡು ಬದಿಗೆ ಒಂದೊಂದು ಗೇಣು ಹಿಗ್ಗಿಸಿದಿರಿ ಅನ್ನಿ. ಹೊಸದಾಗಿ ಸೇರುವುದು ಎರಡು ಉದ್ದನೆಯ ಪಟ್ಟಿ, ಮತ್ತೆ ಅವೆರಡೂ ಕೂಡುವ ಮೂಲೆಯಲ್ಲಿ ಗೇಣಗಲದ ಒಂದು ತುಣುಕು. ನಾನು ಬರೆದದ್ದು ಆ ಮೂಲೆಯ ತುಣುಕನ್ನು ಮಾತ್ರ! ಎರಡು ಪಟ್ಟಿಗಳನ್ನು ಹೊಲದಲ್ಲೇ ಬಿಟ್ಟು ಬಂದಿದ್ದೆ. ಯಾರಾದರೂ ಅಂದು ಹೀಗೆ ಹೊಲ ಬರೆದು ತೋರಿಸಿದ್ದರೆ, ಈ ಪ್ರಶ್ನೆ ಲೈಬ್ನಿಟ್ಸ್‌ಗೂ ಬಂದಿತ್ತು ಕಣೋ ಎಂದಿದ್ದರೆ!

ಅವನ ತಪ್ಪು ನಮಗೆ ತಿಳಿದಿರುವುದಕ್ಕೆ ಕಾರಣ ಇಲ್ಲಿನ ಗ್ರಂಥಾಲಯ. ಸುಮಾರು 2 ಲಕ್ಷ ಪುಟಗಳು, ಸುಮಾರು 1,100 ಜನರೊಡನೆ ನಡೆಸಿದ ಪತ್ರವ್ಯವಹಾರದ 15,000 ಕಾಗದಗಳು. ಅವನು ಸತ್ತಾಗ, ರಾಜ್ಯದ ಗುಟ್ಟುಗಳು ಹೊರಬಿದ್ದಾವೆಂಬ ಭಯದಿಂದ ದೊರೆ ಕಾಗದಪತ್ರಗಳಿಗೆಲ್ಲ ಮುದ್ರೆ ಹಾಕಿಸಿದ. ಅದರಿಂದಲೇ ಅವು ಚೆಲ್ಲಾಪಿಲ್ಲಿಯಾಗದೆ ಉಳಿದವು. ಕತ್ತರಿಸಿದ ಚೀಟಿಗಳೂ ಉಳಿದವು. ಅವನ ಸಮಗ್ರ ಬರಹಗಳ ಮೊದಲ ಸಂಪುಟ ಬಂದದ್ದು 1923ರಲ್ಲಿ, ಕೆಲಸ ಇನ್ನೂ ಮುಗಿದಿಲ್ಲ. ಒಬ್ಬ ಮನುಷ್ಯನ ಕರಡುಗಳಿಗಾಗಿ ನೂರು ವರ್ಷ ದುಡಿಯುವ ಈ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ನಮ್ಮ ಕಡೆಯ ದಾರಿ ಬೇರೆ. ನಮ್ಮ ಹಳೆಯ ಲೆಕ್ಕಕ್ಕೆ ಪಾಟೀಗಣಿತ ಎಂದೇ ಹೆಸರು. ಪಾಟಿ ಎಂದರೆ ಹಲಗೆ. ನಮ್ಮ ಉತ್ತರ ಕರ್ನಾಟಕದಲ್ಲಿ ಸ್ಲೇಟಿಗೆ ಇವತ್ತಿಗೂ ಪಾಟಿ ಎನ್ನುತ್ತೇವೆ. ಹಲಗೆಯ ಮೇಲೆ ಧೂಳು ಹರವಿ ಬೆರಳಲ್ಲಿ ಲೆಕ್ಕ ಮಾಡಿ ಒರೆಸಿಬಿಡುತ್ತಿದ್ದರು. ವ್ಯಾಪಾರಿಗಳ ಕಪ್ಪು ಬಳಿದ ಬಟ್ಟೆಯ ಕಡತವೂ ಬಳಪದಲ್ಲಿ ಬರೆದು ಅಳಿಸುವಂಥದ್ದೇ. ಉಳಿಯುತ್ತಿದ್ದದ್ದು ಕೊನೆಯ ಪದ್ಯ. ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ, 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಕನ್ನಡದಲ್ಲೇ, ಲೆಕ್ಕವನ್ನು ಪದ್ಯಕ್ಕೆ ಕಟ್ಟಿ ಕೊಟ್ಟರು. ಆ ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮಜ್ಜ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯನ್ನು ಬಾಯಲ್ಲೇ ಹೇಳಿ ಸಂತೆಯಲ್ಲಿ ಹತ್ತಿ ಮಾರುತ್ತಿದ್ದ; ತಾಳೆಗರಿ ಗೆದ್ದಲಿಗೆ ಹೋದರೂ ನಾಲಿಗೆಯ ಮೇಲಿದ್ದದ್ದು ಹೋಗಲಿಲ್ಲ. ಆದರೆ ಎಡವಿದ ಹೆಜ್ಜೆ ಮಾತ್ರ ಧೂಳಿನ ಜೊತೆಗೇ ಹೋಯಿತು.

ಇದಕ್ಕೆ ಹೊರತಾದವರೂ ನಮ್ಮ ನೆರೆಯಲ್ಲೇ ಇದ್ದರು. ಒಂದರಿಂದ ಮೂರನೆಯ ಒಂದು ಕಳೆದು, ಐದನೆಯ ಒಂದು ಕೂಡಿಸಿ, ಏಳನೆಯ ಒಂದು ಕಳೆದು, ಹೀಗೇ ಹೋದರೆ ಪೈಯ ಕಾಲುಭಾಗ ಬರುತ್ತದೆ. ಲೈಬ್ನಿಟ್ಸ್ ಹೆಸರಿನಲ್ಲಿರುವ ಈ ಶ್ರೇಣಿಯನ್ನು ಕೇರಳದ ಗಣಿತಜ್ಞರು ಮಾಧವನದೆಂದು ಹೇಳುತ್ತ ಬಂದಿದ್ದಾರೆ. ಮಾಧವ ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲಿನವನು. ಲೈಬ್ನಿಟ್ಸ್ ಅದನ್ನು ನಮ್ಮಿಂದ ಕದ್ದ ಎಂದು ವಾಟ್ಸಾಪಿನಲ್ಲಿ ಬರುವ ಮಾತಿಗೆ ಆಧಾರವಿಲ್ಲ, ದಯವಿಟ್ಟು ಮುಂದೆ ಕಳಿಸಬೇಡಿ. ನಾವು ಹೆಮ್ಮೆಪಡಬೇಕಾದದ್ದು 16ನೇ ಶತಮಾನದ ಜ್ಯೇಷ್ಠದೇವನ ಬಗ್ಗೆ. ಅವನು ‘ಯುಕ್ತಿಭಾಷಾ’ದಲ್ಲಿ ಫಲವನ್ನಷ್ಟೇ ಹೇಳಿ ನಿಲ್ಲಲಿಲ್ಲ, ಅದು ಯಾಕೆ ಹಾಗೆ ಎಂಬುದನ್ನೂ ಹೆಜ್ಜೆಹೆಜ್ಜೆಯಾಗಿ, ಗದ್ಯದಲ್ಲಿ, ಮನೆಮಾತು ಮಲಯಾಳದಲ್ಲಿ ಬಿಡಿಸಿಟ್ಟ. ಕಾರಣವಿಲ್ಲದೆ ಯಾವುದೂ ಇಲ್ಲ ಎಂದು ತತ್ವ ಕಟ್ಟಿದ ಲೈಬ್ನಿಟ್ಸ್ ಅದನ್ನು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ.

ನಮ್ಮ ಬೋರ್ಡ್ ಪರೀಕ್ಷೆಯಲ್ಲೂ ಸ್ಟೆಪ್ ಮಾರ್ಕ್ಸ್ ಉಂಟು, ನನಗೆ ಗೊತ್ತು. ಆದರೆ ಆ ಸ್ಟೆಪ್‌ಗಳೂ ಗೈಡಿನಲ್ಲಿ ಇದ್ದ ಹಾಗೇ ಇರಬೇಕೆಂದು ಮಕ್ಕಳು ನಂಬಿದ್ದಾರೆ. ನಿಜವಾದ ಯೋಚನೆ ನಡೆಯುವುದು ಕೊನೆಯ ಪುಟದ ‘ರಫ್ ವರ್ಕ್’ನಲ್ಲಿ, ಅದನ್ನು ಅಡ್ಡಗೆರೆ ಹೊಡೆದು ಯಾರೂ ಓದದಂತೆ ಮಾಡಿ ಕೊಡುವುದು ನಮ್ಮ ರೂಢಿ. ಆ ಪುಟವನ್ನು ಓದುವ ಮೇಷ್ಟ್ರು ನಮ್ಮ ಮಕ್ಕಳಿಗೂ ಸಿಗಬೇಕು. ಕಲನಶಾಸ್ತ್ರದ ಪಾಠ ಶುರುವಾಗುವ ದಿನ, ಸೂತ್ರ ಬರೆಸುವ ಮೊದಲು, 1675ರ ನವೆಂಬರಿನ ಆ ಹಾಳೆಯ ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಹತ್ತು ನಿಮಿಷ ಸಾಕು.

ಹೋದ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ, ಈ ವರ್ಷ ಪಿಯುಸಿ. ವಿಡಿಯೋದಲ್ಲಿ ಹೊಲ ಬರೆದು, ಪಟ್ಟಿ ಎಳೆದು, ಮೂಲೆಯ ತುಣುಕು ತೋರಿಸಿ, ಪ್ಯಾರಿಸ್‌ನ ಆ ದಿನದ ಕಥೆ ಹೇಳಿದೆ. ಸುಮ್ಮನೆ ಕೇಳುತ್ತಿದ್ದವನು ತನ್ನ ನೋಟ್‌ಬುಕ್ ಹಿಂದಕ್ಕೆ ತಿರುವಿ, ಗೀಚಿ ಹಾಕಿದ್ದ ಒಂದು ಪುಟವನ್ನು ಕ್ಯಾಮೆರಾಕ್ಕೆ ಹಿಡಿದ.

“ಮಾಮಾ, ನಂದೂ ಇಲ್ಲೇ ಐತಿ ನೋಡು. ಬರೇ ಮೂಲಿ ಅಷ್ಟ ಬರದೀನಿ.”