ರೇಟಿಂಗ್ ಬಿದ್ದರೂ ಷೋ ಉಳಿಯುವುದು ಮೋಸದಿಂದಲ್ಲ

‘ರೇಟಿಂಗ್ ಬಿದ್ದ ಷೋಗೆ ಮತ್ತೊಂದು ಸೀಸನ್ ಸಿಕ್ಕಿತು ಅಂದರೆ ರೇಟಿಂಗ್ ಲೆಕ್ಕವೇ ಸುಳ್ಳು’ ಎಂಬ ಮಾತು ಹರಿದಾಡುತ್ತಿದೆ. ಅದು ಸರಿಯಲ್ಲ. ಚಾನೆಲ್‌ಗಳು ರೇಟಿಂಗ್ ಒಂದನ್ನೇ ನೋಡುವುದಿಲ್ಲ, ಅಷ್ಟೆ.

ಅಮೆರಿಕದಲ್ಲಿ ಒಂದು ಷೋ 88ರಿಂದ 100 ಕಂತು ಮುಟ್ಟಿದರೆ ಮರುಪ್ರಸಾರದ ಹಕ್ಕು ಮಾರುವುದು ಸುಲಭ. ಜಾಸ್ತಿ ದುಡ್ಡು ಇರುವುದು ಅಲ್ಲೇ. ಹಾಗಾಗಿ ಆ ಗುರಿ ಹತ್ತಿರವಿದ್ದಾಗ ನಿರ್ಮಾಣ ಸಂಸ್ಥೆ ತನ್ನ ದರ ಇಳಿಸಿಯಾದರೂ ಷೋ ಉಳಿಸಿಕೊಳ್ಳಲು ನೋಡುತ್ತದೆ. ಫಾಕ್ಸ್ ಚಾನೆಲ್‌ನ ‘ಫ್ರಿಂಜ್’ಗೆ 2012ರಲ್ಲಿ 13 ಕಂತುಗಳ ಕೊನೆಯ ಸೀಸನ್ ಸಿಕ್ಕಿತು. ಒಟ್ಟು ಎಷ್ಟಾಯಿತು ಗೊತ್ತಾ? ಸರಿಯಾಗಿ 100! ಸುಮ್ನೆ ಆದದ್ದಲ್ಲ, ಅಲ್ವಾ?

ಚಾನೆಲ್ಲೂ ಸ್ಟುಡಿಯೊ ಕೂಡ ಒಂದೇ ಕಂಪನಿಯದಾದರೆ ಈ ಲೆಕ್ಕ ಇನ್ನೂ ಸಲೀಸು. ಇನ್ನು, ರೆಕಾರ್ಡ್ ಮಾಡಿಕೊಂಡು ದಿನಗಳ ನಂತರ ನೋಡುವವರು ಮೊದಲ ರಾತ್ರಿಯ ಅಂಕಿಯಲ್ಲಿ ಸಿಗುವುದೇ ಇಲ್ಲ.