ಸೀರೆ ಒಣಗುವವರೆಗೆ ವಾರ್ತೆಯಿಲ್ಲ

ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರೋಡಿಗೆ ಕಾಲಿಟ್ಟವರು ಬರಿಗೈಲಿ ಊರಿಗೆ ಮರಳಿದ್ದಿಲ್ಲ. ನಮ್ಮ ಚಿಕ್ಕಪ್ಪ ಶಿವಮೊಗ್ಗೆಗೆ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರೇಡಿಯೋ ತಂದ. ಫೆರೈಟ್ ಕಡ್ಡಿ, ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಒಂದು ಓಎ79 ಡಯೋಡ್, ಬಿಎಫ್194 ಮತ್ತು ಬಿಸಿ148 ಅನ್ನುವ ಎರಡು ಟ್ರಾನ್ಸಿಸ್ಟರ್, ಹಿಡಿಯಷ್ಟು ರೆಸಿಸ್ಟರ್. "ಜೋಡಿಸೋದೊಂದೇ ಬಾಕಿ" ಅಂದ.

"ಇರೋ ರೇಡಿಯೋ ಹಾಡ್ತಾ ಇದೆಯಲ್ಲೋ?" ಅಜ್ಜಿಯ ಈ ಪ್ರಶ್ನೆಗೆ ಇವತ್ತಿಗೂ ಯಾವ ಹವ್ಯಾಸಿಯ ಬಳಿಯೂ ಉತ್ತರವಿಲ್ಲ.

ರೆಸಿಸ್ಟರು ಕರೆಂಟಿಗೆ ಒಡ್ಡುವ ತಡೆ ಎಷ್ಟೆಂದು ಬಣ್ಣದ ಪಟ್ಟಿ ನೋಡಿ ಓದಬೇಕು. ಕೆಂಪು-ಕೆಂಪು-ಕೆಂಪು ಅಂದರೆ 2,200 ಓಮ್, ಕೆಂಪು-ಕೆಂಪು-ಕಿತ್ತಳೆ ಅಂದರೆ 22,000. ಸಂಜೆ ವೋಲ್ಟೇಜು ಬಿದ್ದು ಬಲ್ಬು ಮಿಣಿಮಿಣಿ ಅನ್ನುವಾಗ ಕೆಂಪು, ಕಿತ್ತಳೆ, ಕಂದು ಮೂರೂ ಒಂದೇ. ಅದೇ ವೋಲ್ಟೇಜಿನಲ್ಲಿ ಸೋಲ್ಡರಿಂಗ್ ಐರನ್ ಸೀಸವನ್ನು ಕರಗಿಸುವ ಬದಲು ಬರೀ ಬೆಚ್ಚಗೆ ಮಾಡುತ್ತಿತ್ತು. ಮೇಲಾಗಿ ಎರಡು ಟ್ರಾನ್ಸಿಸ್ಟರುಗಳ ಕಾಲಿನ ಸಾಲು ಬೇರೆಬೇರೆ. ಒಂದರಲ್ಲಿ ನಡುಗಾಲು ಬೇಸ್, ಇನ್ನೊಂದರಲ್ಲಿ ಎಮಿಟರ್. ಚಿಕ್ಕಪ್ಪ ಸಮಾಜವಾದಿ, ಎಲ್ಲರನ್ನೂ ಸಮಾನವಾಗಿ ಕಂಡ.

ಅದು ರಿಫ್ಲೆಕ್ಸ್ ಸರ್ಕ್ಯೂಟ್. ಮೊದಲ ಟ್ರಾನ್ಸಿಸ್ಟರಿಗೆ ಎರಡು ಪಾಳಿ: ಹಿಡಿದ ತರಂಗವನ್ನು ಹಿಗ್ಗಿಸಬೇಕು, ಡಯೋಡು ಅದರಿಂದ ಸೋಸಿಕೊಟ್ಟ ದನಿಯನ್ನೂ ಮತ್ತೆ ತಾನೇ ಹಿಗ್ಗಿಸಬೇಕು. ಹೀಗೆ ದುಡಿಸಿಕೊಂಡರೆ ಯಾರು ತಾನೇ ಕೂಗಾಡುವುದಿಲ್ಲ? ಕೈ ದೂರ ಸರಿಸಿದರೆ ಸಿಳ್ಳೆ, ಒತ್ತಿ ಹಿಡಿದರೆ ಮೌನ. ಗುಬ್ಬಿ ಕೂತಷ್ಟು ಹಗುರವಾಗಿ ಪೆಟ್ಟಿಗೆಯ ಅಂಚಿಗೆ ಬೆರಳಿಟ್ಟುಕೊಂಡಿದ್ದರೆ ಮಾತ್ರ ಮಾತು ಕೇಳುತ್ತಿತ್ತು. ಆ ಬೆರಳು ಅಪ್ಪನದಾಗಿತ್ತು.

ಕಿಟ್ಟಿನ ಹಾಳೆಯಲ್ಲಿ ತರಂಗ ಹಿಡಿಯಲು ಉದ್ದನೆಯ ಏರಿಯಲ್ ತಂತಿಯೂ ನೆಲಕ್ಕಿಳಿಸುವ ಅರ್ಥ್ ತಂತಿಯೂ ಇದ್ದರೆ ಒಳ್ಳೆಯದು ಎಂದಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಸಿದ್ಧವಾಗಿಯೇ ಇತ್ತು, ಅರ್ಥಿಗೆ ಬಚ್ಚಲಿನ ನಲ್ಲಿಯ ಕಬ್ಬಿಣದ ಪೈಪು. ಆವತ್ತಿನಿಂದ ಮನೆಯ ದಿನಚರಿ ಬದಲಾಯಿತು. ಒದ್ದೆ ಸೀರೆ ತಂತಿಯಿಂದ ಇಳಿದು ಕಲ್ಲುಕಂಬಕ್ಕೆ ತಗುಲಿತೆಂದರೆ ಸಿಗ್ನಲ್ಲು ಸೀರೆಯ ದಾರಿ ಹಿಡಿದು ನೆಲ ಸೇರುತ್ತಿತ್ತು. ಯಾರೋ ಬಿಂದಿಗೆ ಎಳೆಯುವಾಗ ನಲ್ಲಿಗೆ ಸುತ್ತಿದ್ದ ತಂತಿ ಕಳಚಿಕೊಂಡರೆ ವಾರ್ತಾವಾಚಕರು ವಾಕ್ಯದ ನಡುವೆಯೇ ಕಣ್ಮರೆ. "ಸೀರೆ ತೆಗೀರೇ, ವಾರ್ತೆ ಬಂತು!" ಅಂತ ಅಪ್ಪ ಬೆರಳು ಕದಲಿಸದೆ ಕೂಗುವುದು ಮೂರು ಮನೆಗೆ ಕೇಳಿಸುತ್ತಿತ್ತು. ರೇಡಿಯೋ ಮಾತ್ರ ಇಯರ್‌ಫೋನಿನಲ್ಲಿ ಅವರೊಬ್ಬರಿಗೇ.

ಸ್ಟೇಷನ್ ಹುಡುಕುವ ತಾಪತ್ರಯ ಇರಲಿಲ್ಲ, ಅದೊಂದು ಪುಣ್ಯ. ಭದ್ರಾವತಿ ಆಕಾಶವಾಣಿ ಪಕ್ಕದಲ್ಲೇ, 675 ಕಿಲೋಹರ್ಟ್ಸ್. ಗ್ಯಾಂಗನ್ನು ಯಾವ ಕಡೆ ತಿರುಗಿಸಿದರೂ ಭದ್ರಾವತಿ. 765ರ ಧಾರವಾಡ ಬೇಕೆಂದು ಕಷ್ಟಪಟ್ಟರೆ ಧಾರವಾಡದ ಗಾಯಕರು ಆಲಾಪ ತೆಗೆಯುವಾಗ ಹಿಂದಿನಿಂದ ಭದ್ರಾವತಿಯವರು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೇಳುತ್ತಿದ್ದರು. ಒಂದೇ ಟ್ಯೂನಿಂಗ್ ಕಾಯಿಲು ಇಬ್ಬರನ್ನು ಬೇರೆ ಮಾಡುವುದಾದರೂ ಹೇಗೆ?

ಆ ಯಂತ್ರ ಮನೆಮಂದಿಯ ಮೆಚ್ಚುಗೆ ಗಳಿಸಿದ್ದು ಬೆಳಗಿನ 6:55ಕ್ಕೆ. ಬೀದಿಯಲ್ಲಿನ್ನೂ ಸದ್ದಿಲ್ಲ, ತಂತಿಯ ಮೇಲೆ ಬಟ್ಟೆಯಿಲ್ಲ. "ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಂ" ಎಂದು ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ಇಯರ್‌ಫೋನ್ ಕಿವಿಗಿಟ್ಟುಕೊಂಡು ಕೈಮುಗಿದಳು. ಕೈ ಮುಗಿಯಲು ಬೆರಳು ತೆಗೆದದ್ದೇ ತಡ, ಸಿಳ್ಳೆ.

ಈಚೆಗೆ ಮಗಳಿಗೆ ತೋರಿಸೋಣವೆಂದು ಅಂಥದೇ ಒಂದನ್ನು ಜೋಡಿಸಿದೆ. ಬರೀ ಗುರ್ರ್ ಸದ್ದು. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರುಗಳೆಲ್ಲ ಒಳಗೊಳಗೇ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಆನ್-ಆಫ್ ಮಾಡುತ್ತವೆ. ಅದರ ಗಲಾಟೆ ಮೀಡಿಯಂ ವೇವ್ ಪೂರ್ತಿ ತುಂಬಿಕೊಳ್ಳುತ್ತದೆ. ಒಂದೊಂದಾಗಿ ಆರಿಸುತ್ತ ಹೋಗಿ ಕೊನೆಗೆ ಮೇನ್ ಸ್ವಿಚ್ಚನ್ನೇ ತೆಗೆದೆವು, ಇನ್ವರ್ಟರನ್ನೂ. ಕತ್ತಲಲ್ಲಿ ನಾಲ್ವರೂ ಕಿವಿಗೊಟ್ಟು ಕೂತಿದ್ದಾಗ ಬಾಗಿಲು ತಟ್ಟಿದ ಸದ್ದು. ನಮ್ಮೊಂದೇ ಮನೆ ಕತ್ತಲಾಗಿದ್ದು ನೋಡಿ ಎದುರುಮನೆಯವರು ಉಪಕಾರಕ್ಕೆಂದು ಫೋನ್ ಮಾಡಿ, ಲೈನ್‌ಮನ್ ಏಣಿ ಸಮೇತ ಬಂದಿದ್ದ. ವಿಷಯ ತಿಳಿದು ಇಯರ್‌ಫೋನ್ ಇಸಿದುಕೊಂಡು, ಟಾರ್ಚ್ ಹಿಡಿದು ಡಬ್ಬಿಯನ್ನು ಮೇಲೆ ಕೆಳಗೆ ನೋಡಿ ಕೇಳಿದ: "ಇದರಲ್ಲಿ ಎಫ್ಎಂ ಬರಲ್ವಾ ಸಾರ್?"