ಸೆಲ್ಟಾ: ಕೊನೆಗೆ ಗ್ರಾಮರ್ ಪರೀಕ್ಷೆ ಇಲ್ಲ

ಸೆಲ್ಟಾ ಎಂದರೆ ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ ಕೋರ್ಸು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಮೇಷ್ಟ್ರುಗಳ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕೇಂಬ್ರಿಡ್ಜ್‌ನ ಸೆಲ್ಟಾ ಕೋರ್ಸಿನ ಕೊನೆಗೆ ಗ್ರಾಮರ್ ಪರೀಕ್ಷೆ ಇದೆ, ಪುಸ್ತಕ ಬಾಯಿಪಾಠ ಮಾಡಿಕೊಂಡೇ ಹೋಗಿ.’ ಇದು ತಪ್ಪು. ಕೊನೆಯ ಪರೀಕ್ಷೆಯೇ ಇಲ್ಲ. ನಿಜವಾದ ಕಲಿಯುವವರೆದುರು 6 ಗಂಟೆ ಪಾಠ, 4 ಲಿಖಿತ ಅಸೈನ್‌ಮೆಂಟು. ಫಲಿತಾಂಶ ನಿಂತಿರುವುದು ಇವುಗಳ ಮೇಲೆ.

ಹಾಗಂತ ವ್ಯಾಕರಣ ಬೇಡವೆಂದಲ್ಲ. ‘ಐ ಏಟ್’, ‘ಐ ಹ್ಯಾವ್ ಈಟನ್’ ನಡುವಿನ ವ್ಯತ್ಯಾಸಕ್ಕೆ ನಿಯಮ ಒಪ್ಪಿಸಿದರೆ ಸಾಲದು. ‘ಊಟ ಆಗಿದೆ, ಈಗ ಬೇಡ’ ಎನ್ನುವಂಥ ಸಂದರ್ಭ ಹುಟ್ಟಿಸಿ ತೋರಿಸಬೇಕು. ಪೂರ್ಣಾವಧಿ ಕೋರ್ಸು 4–5 ವಾರದಲ್ಲಿ ಮುಗಿಯುತ್ತದೆ. ಅಲ್ಲಿಗೆ ಹೋಗಿ ಓದಿಕೊಳ್ಳುತ್ತೇನೆ ಎನ್ನುವುದು ಅಡಿಕೆ ಕೊಯ್ಲಿನ ನಡುವೆ ಮದುವೆ ಇಟ್ಟುಕೊಂಡ ಹಾಗೆ. ಕೋರ್ಸು ಶುರುವಾಗುವ ಮುಂಚೆ ಅಭ್ಯಾಸಕ್ಕೆಂದು ಕಳಿಸುವ ಪ್ರಶ್ನಾವಳಿಗೆ ಅಂಕವಿಲ್ಲ. ಆದರೂ ಮನೆಯಲ್ಲೇ ಮುಗಿಸಿಕೊಂಡು ಹೋಗಿ.